ಎರಡು ಕಾಳಯುಕ್ತಿಗಳ ನಡುವೆ: ಸಣ್ಣಜ್ಜಿಯ ಅರವತ್ತು ವರ್ಷ

ನಮ್ಮ ಮನೆತನದ ವಂಶವೃಕ್ಷ ಅಚ್ಚಾಗಿ ಹದಿನೈದು ವರ್ಷದ ಮೇಲಾಯಿತು. ಒಂದು ಉಪನಯನದ ಹೊತ್ತಿಗೆ ನನ್ನ ದೊಡ್ಡಪ್ಪನ ಮಗ, ನಾವೆಲ್ಲ ಅಣ್ಣ ಎನ್ನುವವನು, ಎರಡು ವರ್ಷ ಓಡಾಡಿ ಮಾಡಿದ ಕೆಲಸ ಅದು. ಒಂಬತ್ತು ತಲೆಮಾರು. ಗಂಡಸರ ಹೆಸರು ವೃತ್ತದೊಳಗೆ, ಹೆಂಡಂದಿರ ಹೆಸರು ವೃತ್ತದ ಪಕ್ಕ ಸಣ್ಣಕ್ಷರದಲ್ಲಿ. ಏಳನೇ ಸಾಲಿನಲ್ಲಿ ನನ್ನ ಅಜ್ಜ ಮತ್ತು ಅವರ ಇಬ್ಬರು ಅಣ್ಣಂದಿರು. ನಡುವಿನವರ ವೃತ್ತದ ಕೆಳಗೆ ಗೆರೆ ಇಲ್ಲ, 'ನಿಸ್ಸಂತಾನ' ಎಂದಿದೆ. ಗಂಡ ಹೆಂಡತಿ ಇಬ್ಬರ ಹೆಸರಿನ ಮುಂದೆಯೂ ಒಂದೇ ಮಾತು: ಕಾಳಯುಕ್ತಿ ಸಂವತ್ಸರ, 1918.

ಅಂದರೆ ಮದುವೆಯಾದ ಮಾರನೇ ವರ್ಷವೇ ಇಬ್ಬರೂ ತೀರಿಕೊಂಡರು ಎಂದಾಯಿತು. ಹುಡುಗಿಗೆ ಆಗ ಹನ್ನೊಂದೂ ತುಂಬಿರಲಿಲ್ಲ.

ಇದರ ಜೊತೆಗೆ, ಇದಕ್ಕೆ ಸಂಬಂಧವೇ ಇಲ್ಲವೆಂಬಂತೆ, ಮನೆಯಲ್ಲಿ ಇನ್ನೊಂದು ಮಾತಿತ್ತು. 'ಸಣ್ಣಜ್ಜಿ' ಎಂದು ಒಬ್ಬರಿದ್ದರು, ಜಗಳಗಂಟಿ, ಶರಾವತಿಯ ಅಣೆಕಟ್ಟಿಗೆ ಊರು ಮುಳುಗಡೆಯಾಗುವ ಕಾಲದಲ್ಲಿ ಅಜ್ಜನನ್ನು ಕೋರ್ಟಿಗೆ ಎಳೆದರು, ದುಡ್ಡು ತೆಗೆದುಕೊಂಡು ಹೊಳೆಯಾಚೆ ಹೋದರು. ಯಾರ ಹೆಂಡತಿ, ಯಾವ ಕಡೆಯ ಸಂಬಂಧ ಎಂದು ಕೇಳಿದರೆ ನನ್ನ ತಂದೆಯ ತಲೆಮಾರಿನವರಲ್ಲೂ ಒಬ್ಬೊಬ್ಬರದು ಒಂದೊಂದು ಉತ್ತರ. ದೊಡ್ಡಜ್ಜನ, ಅಂದರೆ ಅಜ್ಜನ ಹಿರಿಯಣ್ಣನ, ಎರಡನೇ ಹೆಂಡತಿ ಎಂದರು ಒಬ್ಬರು. ಆಶ್ರಯಕ್ಕೆ ಬಂದಿದ್ದ ದೂರದ ನೆಂಟರು ಎಂದರು ಇನ್ನೊಬ್ಬರು. ವಂಶವೃಕ್ಷದಲ್ಲಿ ಸಣ್ಣಜ್ಜಿಗೆ ಜಾಗವೇ ಇಲ್ಲ.

1918ರಲ್ಲಿ ಸತ್ತಳೆಂದು ಅಚ್ಚಾದ ಆ ಹುಡುಗಿಯೂ ಈ ಜಗಳಗಂಟಿ ಸಣ್ಣಜ್ಜಿಯೂ ಒಬ್ಬರೇ ಎಂದು ಗೊತ್ತಾಗಲು ನನಗೆ ಮೂರು ವರ್ಷ ಹಿಡಿಯಿತು. ಹೇಗೆ ಗೊತ್ತಾಯಿತು, ನಡುವೆ ಎಲ್ಲೆಲ್ಲಿ ಎಡವಿದೆ, ಆ ಬದುಕು ಎಂಥದಾಗಿತ್ತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಮನೆಯವರ ಮಾತಿಗೆ ಒಪ್ಪಿ ಯಾರ ಹೆಸರನ್ನೂ ಹಾಕಿಲ್ಲ.

ಶ್ರಾದ್ಧದ ಪಟ್ಟಿ

ಅಣ್ಣ ವಂಶವೃಕ್ಷಕ್ಕೆ ಆಧಾರ ಮಾಡಿಕೊಂಡದ್ದು ಮನೆಯ ಶ್ರಾದ್ಧದ ಪಟ್ಟಿಯನ್ನು. ಉದ್ದನೆಯ ಲೆಕ್ಕದ ಪುಸ್ತಕ ಅದು. ತೀರಿಕೊಂಡವರ ಹೆಸರು, ಸಂವತ್ಸರ, ಮಾಸ, ಪಕ್ಷ, ತಿಥಿ ಅಷ್ಟೇ ಇರುತ್ತದೆ, ಇಸವಿ ಇರುವುದಿಲ್ಲ. ವರ್ಷಕ್ಕೊಮ್ಮೆ ಶ್ರಾದ್ಧ ಮಾಡಲು ಮಾಸ ತಿಥಿ ಗೊತ್ತಿದ್ದರೆ ಸಾಕು, ಇಸವಿ ಯಾರಿಗೆ ಬೇಕು?

ಸಂವತ್ಸರದ ತೊಡಕು ನಮಗೆಲ್ಲ ಗೊತ್ತಿರುವುದೇ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರು, ಮುಗಿದರೆ ಮತ್ತೆ ಮೊದಲಿನಿಂದ. ಕಾಳಯುಕ್ತಿ 1918ರ ಯುಗಾದಿಗೆ ಬಂತು, ಮತ್ತೆ ಬಂದದ್ದು 1978ರ ಯುಗಾದಿಗೆ. ಪಟ್ಟಿಯಲ್ಲಿ ಗಂಡನ ಹೆಸರಿನ ಮುಂದೆ 'ಕಾಳಯುಕ್ತಿ, ಆಶ್ವಯುಜ ಬಹುಳ ಪಂಚಮಿ', ಹೆಂಡತಿಯ ಹೆಸರಿನ ಮುಂದೆ 'ಕಾಳಯುಕ್ತಿ, ಪುಷ್ಯ ಶುದ್ಧ ದಶಮಿ' ಎಂದು ಕಂಡಾಗ, ಎರಡೂ ಒಂದೇ ವರ್ಷದವು, ಎರಡೂವರೆ ತಿಂಗಳ ಅಂತರದಲ್ಲಿ ಇಬ್ಬರೂ ಹೋದರು ಎಂದು ಅಣ್ಣ ತಿಳಿದ. ಅವನನ್ನು ದೂರುವಂತಿಲ್ಲ. ಅವನ ಕೈಯಲ್ಲಿದ್ದದ್ದು ಜೆರಾಕ್ಸ್ ಪ್ರತಿ.

ಮೂಲ ಪುಸ್ತಕ ನನಗೆ ಸಿಕ್ಕಿದ್ದು ಅಟ್ಟದ ಮೇಲೆ, ಹಳೇ ಪಂಚಾಂಗಗಳ ಕಟ್ಟಿನಲ್ಲಿ. ಕಿಟಕಿಯ ಹತ್ತಿರ ಹಿಡಿದು ನೋಡಿದರೆ ಗಂಡನ ಹೆಸರಿನ ಸಾಲು ಕಂದು ಬಣ್ಣಕ್ಕೆ ತಿರುಗಿತ್ತು. ಅದ್ದಿ ಬರೆಯುವ ಲೇಖನಿಯ ಶಾಯಿ ಅದು, ಒತ್ತಿದ ಕಡೆ ದಪ್ಪವಾಗಿ ಎತ್ತಿದ ಕಡೆ ತೆಳ್ಳಗಾಗಿತ್ತು. ಹೆಂಡತಿಯ ಹೆಸರಿನ ಸಾಲು ನೀಲಿ. ಒಂದೇ ದಪ್ಪದ ಗೆರೆ, ಕಾಗದದ ಹಿಂಬದಿಗೆ ಬೆರಳಿಟ್ಟರೆ ತಗ್ಗು ಉಬ್ಬು ಕೈಗೆ ಹತ್ತುತ್ತಿತ್ತು. ಬಾಲ್ ಪೆನ್ನು. ಜೆರಾಕ್ಸ್ ಯಂತ್ರ ಎರಡನ್ನೂ ಕಪ್ಪು ಮಾಡಿಬಿಟ್ಟಿತ್ತು.

1918ರಲ್ಲಿ ಬಾಲ್ ಪೆನ್ನು ಎಲ್ಲಿಂದ ಬರಬೇಕು? ಹಾಗಾದರೆ ಎರಡನೇ ಸಾಲು ಮುಂದಿನ ಕಾಳಯುಕ್ತಿಯದು. ಪುಷ್ಯ ಶುದ್ಧ ದಶಮಿ ಎಂದರೆ 1979ರ ಜನವರಿ ಎರಡನೇ ವಾರ. ಹುಡುಗಿ ಸತ್ತಿರಲಿಲ್ಲ. ಗಂಡ ಹೋದ ಮೇಲೆ ಅರವತ್ತು ವರ್ಷ ಬದುಕಿದ್ದಳು. ಆ ಇಡೀ ಅರವತ್ತು ವರ್ಷವನ್ನು ನಾವು ಒಂದು ಜೆರಾಕ್ಸಿನಿಂದ ಅಳಿಸಿ ಹಾಕಿದ್ದೆವು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರಕ್ಕೂ ಆರಕ್ಕೂ

ಇಲ್ಲಿಂದ ಮುಂದೆ ನಾನು ಮಾಡಿದ್ದು ನನ್ನದೇ ತಪ್ಪು, ಅದಕ್ಕೆ ಎಂಟು ತಿಂಗಳು ತೆತ್ತೆ.

ಅಜ್ಜನ ಕಬ್ಬಿಣದ ಟ್ರಂಕಿನಲ್ಲಿ ಒಂದು ಪಾಲುಪಟ್ಟಿ ಇತ್ತು. ಛಾಪಾಕಾಗದದ ಅಂಚು ಹುಳ ತಿಂದಿತ್ತು. ಇಬ್ಬರು ಅಣ್ಣತಮ್ಮಂದಿರು ತೋಟ, ಗದ್ದೆ, ಮನೆ ಹಂಚಿಕೊಂಡ ಪತ್ರ. ಅದರಲ್ಲಿ ಮೂರನೆಯ ಹೆಸರಾಗಿ ಒಬ್ಬ ಹೆಂಗಸು, 'ದಿವಂಗತ ಇಂಥವರ ವಿಧವೆ' ಎಂದು. ಅವರ ಪಾಲಿಗೆ 27 ಗುಂಟೆ ಅಡಿಕೆ ತೋಟ. ಇಸವಿ ಕನ್ನಡ ಅಂಕಿಯಲ್ಲಿತ್ತು, ನಾನು ಅದನ್ನು 1968 ಎಂದು ಓದಿದೆ. ಕೈಬರಹದಲ್ಲಿ ೩ ಮತ್ತು ೬ ಎಷ್ಟು ಹತ್ತಿರ ಎಂಬುದು ಹಳೇ ಪತ್ರ ಓದಿದವರಿಗೆಲ್ಲ ಗೊತ್ತು. ನನಗೆ ಆಗ ಗೊತ್ತಿರಲಿಲ್ಲ.

1968 ಎಂದುಕೊಂಡು ಒಂದು ಕಥೆ ಕಟ್ಟಿದೆ. ಮುಳುಗಡೆಯ ಪರಿಹಾರ ಬಂದ ಮೇಲೆ ಜಗಳವಾಗಿ, ಅದರಿಂದ ಪಾಲಾಯಿತು, ವಿಧವೆಗೆ ದಯೆಯಿಂದ ಒಂದು ತುಂಡು ಕೊಟ್ಟರು. ಮನೆಯಲ್ಲಿ ಕೇಳಿದ್ದ ಮಾತಿಗೂ ಅದು ಸರಿಹೊಂದುತ್ತಿತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 1968ರ ನಕಲಿಗೆ ಅರ್ಜಿ ಹಾಕಿದರೆ ಅಂಥ ಪತ್ರವೇ ಇಲ್ಲ ಎಂದು ಬಂತು. ನಾನು ಆಗಲಾದರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಹಿಂದಿನ ಮುಂದಿನ ವರ್ಷಗಳಲ್ಲಿ ಹುಡುಕಿಸಿದೆ.

ಕೊನೆಗೆ ಕಣ್ಣು ತೆರೆಸಿದ್ದು ಪತ್ರದ ಕೆಳಗಿನ ರುಜು. ದೊಡ್ಡಜ್ಜ ತೀರಿಕೊಂಡದ್ದು 1945ರಲ್ಲಿ, ಅದರಲ್ಲಿ ಯಾರಿಗೂ ಸಂಶಯವಿಲ್ಲ. ಅವರ ರುಜು 1968ರ ಪತ್ರದಲ್ಲಿ ಹೇಗೆ ಬಂತು? ಅದೂ ಅಲ್ಲದೆ, ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ತುಂಬಿದ್ದು 1964ರಲ್ಲಿ. ನಮ್ಮ ಹಳೇ ಊರಿನ ಆ ಸರ್ವೆ ನಂಬರುಗಳೆಲ್ಲ 1968ರಲ್ಲಿ ನೀರಿನಡಿಯಲ್ಲಿದ್ದವು. ನೀರನ್ನು ಯಾರೂ ಪಾಲು ಮಾಡಿಕೊಳ್ಳುವುದಿಲ್ಲ. ಪತ್ರ 1938ರದು. ಆ ವರ್ಷದ ಪುಸ್ತಕದಲ್ಲಿ ಹುಡುಕಿಸಿದಾಗ ನಕಲು ಎರಡೇ ವಾರದಲ್ಲಿ ಸಿಕ್ಕಿತು.

ಇಸವಿ ಮೂವತ್ತು ವರ್ಷ ಹಿಂದೆ ಸರಿದ ಕೂಡಲೇ ಕಥೆಯೂ ಬದಲಾಯಿತು. ಸಣ್ಣಜ್ಜಿಯ ಪಾಲು ಜಗಳದಿಂದ ಹುಟ್ಟಿದ್ದಲ್ಲ, ಜಗಳಕ್ಕೆ ಇಪ್ಪತ್ತು ವರ್ಷ ಮೊದಲೇ ಇತ್ತು.

27 ಗುಂಟೆ ಯಾಕೆ?

ಹಿಡಿ ಅನ್ನ, ವರ್ಷಕ್ಕೆ ಎರಡು ಸೀರೆ, ದೇವರ ಮನೆಯ ಪಕ್ಕದ ಕೋಣೆ. 1938ರ ವಿಧವೆಗೆ ಸಾಮಾನ್ಯವಾಗಿ ದಕ್ಕುತ್ತಿದ್ದದ್ದು ಇಷ್ಟು. ಪಾಲುಪಟ್ಟಿಯಲ್ಲಿ ಅವರ ಹೆಸರಿಗೆ ತೋಟ ಬಂದದ್ದು ಹೇಗೆ? ಮತ್ತು 25 ಅಲ್ಲ, 30 ಅಲ್ಲ, 27 ಯಾಕೆ?

ನಮ್ಮ ಸಾಗರ ತಾಲ್ಲೂಕು ಆಗ ಮೈಸೂರು ಸಂಸ್ಥಾನದಲ್ಲಿತ್ತು. ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ಬಂದಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಆಸ್ತಿಹಕ್ಕಿನ ಕಾಯಿದೆ ಬಂದದ್ದು 1937ರಲ್ಲಿ, ಮೈಸೂರು ನಾಲ್ಕು ವರ್ಷ ಮುಂದಿತ್ತು. ಆ ಕಾಯಿದೆಯ ಪ್ರಕಾರ ಅಣ್ಣತಮ್ಮಂದಿರು ಪಾಲಾಗುವಾಗ, ಗಂಡುಸಂತಾನವಿಲ್ಲದೆ ತೀರಿಕೊಂಡ ಅವಿಭಕ್ತ ಸಹೋದರನ ವಿಧವೆಗೂ ಪಾಲುಂಟು. ಎಷ್ಟು? ಗಂಡ ಬದುಕಿದ್ದರೆ ಅವನಿಗೆ ಬರುತ್ತಿದ್ದುದರಲ್ಲಿ ಅರ್ಧ.

ನಮ್ಮ ತೋಟ ಒಟ್ಟು 4 ಎಕರೆ, ಅಂದರೆ 160 ಗುಂಟೆ. ಮೂವರು ಅಣ್ಣತಮ್ಮಂದಿರಿದ್ದಿದ್ದರೆ ಒಬ್ಬೊಬ್ಬರಿಗೆ ಮೂರರಲ್ಲಿ ಒಂದು. ಅದರ ಅರ್ಧ ಆರರಲ್ಲಿ ಒಂದು. 160ರಲ್ಲಿ ಆರನೇ ಒಂದು ಭಾಗ 26 ಗುಂಟೆಯ ಮೇಲೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಪತ್ರ ಬರೆದವರು ಅದನ್ನು 27 ಮಾಡಿದ್ದರು. ಅಡುಗೆಮನೆಯ ಮೇಜಿನ ಮೇಲೆ, ಹಾಲಿನ ಲೆಕ್ಕದ ಚೀಟಿಯ ಹಿಂದೆ ಈ ಭಾಗಾಕಾರ ಮಾಡಿ ಉತ್ತರ ಬಂದಾಗ ನಾನು ಎದ್ದು ನಿಂತೆ. ದಯೆಯ ತುಂಡಲ್ಲ ಅದು. ಕಾಯಿದೆ ಅಳೆದು ಕೊಟ್ಟ ಹಕ್ಕು, ಗುಂಟೆಯ ಲೆಕ್ಕದಲ್ಲಿ.

ಆದರೂ ಪತ್ರದ ಕೊನೆಗೆ ಒಂದು ಸಾಲು ಸೇರಿಸಿದ್ದರು: 'ಜೀವಿತ ಕಾಲದವರೆಗೆ ಅನುಭವಿಸಿಕೊಂಡು ಬಂದು ತದನಂತರ' ತೋಟ ಮೈದುನನಿಗೆ ಸೇರತಕ್ಕದ್ದು. ಮೈದುನ ಎಂದರೆ ನನ್ನ ಅಜ್ಜ. ಖಾತೆಯೂ ಅಜ್ಜನ ಹೆಸರಿನಲ್ಲೇ ಉಳಿಯಿತು, ಕಂದಾಯ ಅವರೇ ಕಟ್ಟುತ್ತಿದ್ದರು. ಈ ಒಂದು ಸಾಲು ಮತ್ತು ಬದಲಾಗದ ಖಾತೆ, ಇವೆರಡೇ ಮುಂದೆ ಇಪ್ಪತ್ತು ವರ್ಷಕ್ಕೆ ಮನೆ ಒಡೆದವು.

ಆಶ್ವಯುಜದ ಜ್ವರ

ಗಂಡನ ಸಾವಿನ ಬಗ್ಗೆ ಮನೆಯಲ್ಲಿ ಹೇಳುತ್ತಿದ್ದದ್ದು ಹೊಳೆಯಲ್ಲಿ ಕೊಚ್ಚಿಹೋದರು ಎಂದು. ಹದಿನೆಂಟು ವರ್ಷದ ಹುಡುಗ, ಈಜು ಬಲ್ಲವನು. ಶ್ರಾದ್ಧದ ಪಟ್ಟಿ ಬೇರೆ ಹೇಳುತ್ತದೆ. ಅದೇ ಕಾಳಯುಕ್ತಿಯ ಅದೇ ಆಶ್ವಯುಜ ಬಹುಳದಲ್ಲಿ, ಎರಡು ವಾರದೊಳಗೆ, ಆ ಮನೆಯಲ್ಲಿ ಇನ್ನೂ ಇಬ್ಬರು ತೀರಿಕೊಂಡಿದ್ದಾರೆ. ಒಬ್ಬರು ಬಾಣಂತಿ. ತಿಥಿಗಳನ್ನು ಇಸವಿಗೆ ತಂದರೆ 1918ರ ಅಕ್ಟೋಬರ್ ಕೊನೆ. ಜಗತ್ತಿನಲ್ಲೆಲ್ಲ ಇನ್‌ಫ್ಲುಯೆಂಜಾ ಹಬ್ಬಿ, ಭಾರತ ಒಂದರಲ್ಲೇ ಒಂದು ಕೋಟಿಗೂ ಹೆಚ್ಚು ಜನ ಸತ್ತ ಹೊತ್ತು ಅದು. ಆ ಜ್ವರ ಮುದುಕರಿಗಿಂತ ಪ್ರಾಯದವರನ್ನೇ ಹೆಚ್ಚು ಕೊಂದಿತು ಎಂಬುದೂ ದಾಖಲಾಗಿದೆ. ಹೊಳೆಯ ಕಥೆ ಎಲ್ಲಿಂದ ಹುಟ್ಟಿತೋ. ನಾನು ಪಟ್ಟಿಯನ್ನು ನಂಬುತ್ತೇನೆ.

ಸಣ್ಣಜ್ಜಿ ಹುಟ್ಟಿದ್ದು ಪ್ಲವಂಗ ಸಂವತ್ಸರ, 1907. ಜಾತಕ ತವರಿನವರ ಬಳಿ ಸಿಕ್ಕಿತು. ಮದುವೆಯಾದಾಗ ಹತ್ತರ ಹತ್ತಿರ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸಿತ್ತು. ಆ ಗೆರೆ ದಾಟಿದ್ದರಿಂದ ಕಾನೂನಿಗೆ ತೊಂದರೆ ಇರಲಿಲ್ಲ, ಮಗುವಿಗಿತ್ತು.

1918ರಿಂದ 1938ರವರೆಗಿನ ಇಪ್ಪತ್ತು ವರ್ಷಕ್ಕೆ ನನ್ನ ಬಳಿ ಒಂದೇ ಒಂದು ಕಾಗದವಿಲ್ಲ. ಕೆಂಪು ಸೀರೆ, ಬೋಳಿಸಿದ ತಲೆ, ಒಪ್ಪತ್ತು ಊಟ. ಆ ಕಾಲದ ಹವ್ಯಕ ಮನೆಗಳಲ್ಲಿ ಅದು ಹೇಗಿರುತ್ತಿತ್ತೆಂದು ನಾವೆಲ್ಲ ಕೇಳಿ ಬಲ್ಲೆವು. ಇದೊಂದೇ ಮನೆಯ ಕಥೆಯಂತೂ ಅಲ್ಲ. ಇಲ್ಲದ್ದನ್ನು ಊಹಿಸಿ ತುಂಬಿಸುವುದು ನನಗಿಷ್ಟವಿಲ್ಲ, ಅಲ್ಲಿ ಖಾಲಿ ಬಿಟ್ಟಿದ್ದೇನೆ.

ಅತ್ತೆಯ ಟ್ರಂಕು

ಅಜ್ಜನ ಮಗಳು, ನನ್ನ ಸೋದರತ್ತೆ, ಕರೂರು ಹೋಬಳಿಯಲ್ಲಿದ್ದಾರೆ, ತುಮರಿಯ ಕಡೆ. ಎಂಬತ್ತರ ಹತ್ತಿರ. ನಿವೃತ್ತ ಶಾಲಾ ಶಿಕ್ಷಕಿ. ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾದು, ದಾಟಿ, ಅಲ್ಲಿಂದ ಮತ್ತೆ ಬಸ್ಸು ಹಿಡಿದು ಹೋಗಬೇಕಾಗಿದ್ದ ಜಾಗ. ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ 2025ರ ಜುಲೈಯಲ್ಲಿ ಸೇತುವೆ ಆಗಿದೆ, ಈಗ ಹತ್ತು ನಿಮಿಷದ ದಾರಿ. ಅದಕ್ಕೆ ಮೊದಲು ಅತ್ತೆಯ ಮನೆಗೆ ಹೋಗುವುದೆಂದರೆ ಒಂದು ದಿನದ ಕೆಲಸ, ಹಾಗಾಗಿ ನಮ್ಮಲ್ಲಿ ಯಾರೂ ಹೋಗುತ್ತಿರಲಿಲ್ಲ. ವಂಶವೃಕ್ಷ ಮಾಡುವಾಗ ಅಣ್ಣನೂ ಫೋನಿನಲ್ಲಿ ಮಕ್ಕಳ ಹೆಸರು ಕೇಳಿಕೊಂಡು ಮುಗಿಸಿದ್ದ.

"ಎಂತಕ್ಕೆ ಬರೀತೆ ಮಾಣಿ ಅದನ್ನೆಲ್ಲ?" ಎಂದರು ಅತ್ತೆ, ಮೊದಲ ಸಲ. ಎರಡನೇ ಸಲ ಹೋದಾಗ ಮಾತಾಡಲಿಲ್ಲ, ಒಳಗಿನಿಂದ ಒಂದು ಟ್ರಂಕು ತಂದಿಟ್ಟರು.

ಅದರೊಳಗೆ ಒಂದು ತಕರಾರು ಅರ್ಜಿಯ ನಕಲು ಮತ್ತು ಭೂಸ್ವಾಧೀನದ ಅವಾರ್ಡಿನ, ಅಂದರೆ ಪರಿಹಾರ ನಿಗದಿ ಮಾಡಿದ ಆದೇಶದ, ಒಂದು ಹಾಳೆ. ಶರಾವತಿ ಯೋಜನೆಗೆ ಜಮೀನು ಹೋಗುವಾಗ 1894ರ ಭೂಸ್ವಾಧೀನ ಕಾಯಿದೆಯ ಪ್ರಕಾರ ನೋಟಿಸು ಬರುತ್ತಿತ್ತು. ಹಕ್ಕಿರುವವರು ಬಂದು ಹೇಳಿಕೊಳ್ಳಿ ಎಂದು. ಖಾತೆ ಅಜ್ಜನ ಹೆಸರಿನಲ್ಲಿದ್ದುದರಿಂದ ನೋಟಿಸು ಅವರಿಗೆ ಬಂತು, 27 ಗುಂಟೆಯನ್ನೂ ಸೇರಿಸಿ. ಸಣ್ಣಜ್ಜಿಗೆ ಬರಲಿಲ್ಲ.

ಆ ಹಾಳೆಯಲ್ಲಿ ತೋಟದ ಲೆಕ್ಕವಿದೆ. ಫಲ ಬಿಡುವ ಅಡಿಕೆ ಮರ 340. ಕಾಳುಮೆಣಸಿನ ಬಳ್ಳಿ 48. ಹಲಸು 2. ಬಗನಿ 1. ಅಡಿಕೆ ಸಸಿ 40, ಆಮೇಲೆ ಆ 40ನ್ನು ಕೆಂಪು ಶಾಯಿಯಲ್ಲಿ ಹೊಡೆದು 61 ಎಂದು ಬರೆದು ಪಕ್ಕದಲ್ಲಿ ಕಿರುರುಜು. ಯಾಕೆ ತಿದ್ದಿದರೆಂದು ಅರ್ಜಿ ಓದಿದರೆ ಗೊತ್ತಾಗುತ್ತದೆ. ಸದರಿ ತೋಟದಲ್ಲಿ ತಾನು ಖುದ್ದು ನೆಟ್ಟು ನೀರು ಹೊತ್ತು ಬೆಳೆಸಿದ ಅಡಿಕೆ ಸಸಿಗಳು ಅರವತ್ತೊಂದಿದ್ದು, ನಲವತ್ತೆಂದು ಬರೆದುಕೊಂಡಿರುವುದು ತಪ್ಪು, ಪುನಃ ಎಣಿಸಬೇಕು ಎಂದು ಕೇಳಿಕೊಂಡಿದ್ದಾರೆ. ಯಾರೋ ಮತ್ತೆ ತೋಟಕ್ಕೆ ಹೋಗಿ ಎಣಿಸಿದ್ದಾರೆ. ಅರವತ್ತೊಂದೇ ಇದ್ದವು.

ಅರ್ಜಿಯ ಕೆಳಗೆ ಹೆಬ್ಬೆಟ್ಟಿಲ್ಲ, ರುಜು ಇದೆ. ಅಕ್ಷರಗಳು ಒಂದಕ್ಕೊಂದು ತಾಗದೆ ದೂರ ದೂರ ನಿಂತಿವೆ, ಮಕ್ಕಳು ಸ್ಲೇಟಿನ ಮೇಲೆ ಬರೆದ ಹಾಗೆ. 1938ರ ಪಾಲುಪಟ್ಟಿಯಲ್ಲಿ ಇದೇ ಹೆಂಗಸಿನದು ಹೆಬ್ಬೆಟ್ಟು. ನಡುವೆ ಯಾವಾಗಲೋ ಬರೆಯಲು ಕಲಿತಿದ್ದಾರೆ.

"ಎನ್ನ ಸ್ಲೇಟಲ್ಲೇ ಕಲಿತಿದ್ದು" ಎಂದರು ಅತ್ತೆ. ತಾನು ಒಂದನೇ ಕ್ಲಾಸಿನಲ್ಲಿದ್ದಾಗ, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ, ಅಡಿಕೆ ಸುಲಿಯುವ ಜಗುಲಿಯ ಮೂಲೆಯಲ್ಲಿ. ನಲವತ್ತೈದು ದಾಟಿದ ಹೆಂಗಸು, ಆರು ವರ್ಷದ ಹುಡುಗಿ.

ಆಸ್ತಿ ಅವರದ್ದೇ ಎಂದು ಯಾವ ಧೈರ್ಯದಲ್ಲಿ ಹೇಳಿದರು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಸೆಕ್ಷನ್. ಹೆಂಗಸಿನ ಸ್ವಾಧೀನದಲ್ಲಿರುವ ಆಸ್ತಿ, ಕಾಯಿದೆಗೆ ಮೊದಲು ಬಂದದ್ದಾದರೂ, ಅವಳ ಪೂರ್ಣ ಒಡೆತನದ್ದು ಎಂದಿತು ಅದು. 'ಜೀವಿತ ಕಾಲದವರೆಗೆ' ಎಂಬ ಷರತ್ತು ಹಾಕಿದ್ದರೆ ಏನು ಎಂಬುದರ ಮೇಲೆ ಮುಂದೆ ದೇಶವೆಲ್ಲ ವ್ಯಾಜ್ಯ ನಡೆದವು. ಮೊದಲೇ ಇದ್ದ ಹಕ್ಕಿಗೆ ಬದಲಾಗಿ ಕೊಟ್ಟ ಆಸ್ತಿಯಾದರೆ ಅಂಥ ಷರತ್ತು ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು ತುಳಸಮ್ಮ ಪ್ರಕರಣದಲ್ಲಿ ಹೇಳಿದ್ದು 1977ರಲ್ಲಿ. ಸಣ್ಣಜ್ಜಿ ಅರ್ಜಿ ಕೊಟ್ಟದ್ದು ಅದಕ್ಕೂ ಹದಿನೈದು ವರ್ಷಕ್ಕೆ ಮೊದಲು. ಸಾಗರದಲ್ಲಿ ಯಾರೋ ವಕೀಲರು ಹೇಳಿಕೊಟ್ಟಿರಬೇಕು, ಕಾಯಿದೆಯ ಹೆಸರು ಅರ್ಜಿಯಲ್ಲಿದೆ. ಆದರೆ ಸಸಿ ಎಣಿಸಿದ್ದು ವಕೀಲರಲ್ಲ.

ಪರಿಹಾರ ಯಾರಿಗೆ ಎಷ್ಟು ಎಂಬ ತಕರಾರು ಬಂದರೆ ಕಾಯಿದೆಯ ಪ್ರಕಾರ ಅದು ಕೋರ್ಟಿಗೆ ಹೋಗುತ್ತದೆ, ಹಣ ಅಲ್ಲಿ ಠೇವಣಿಯಾಗುತ್ತದೆ. ಅಜ್ಜನನ್ನು 'ಕೋರ್ಟಿಗೆ ಎಳೆದದ್ದು' ಎಂದರೆ ಇಷ್ಟೇ. ಒಂದು ವರ್ಷದೊಳಗೆ ರಾಜಿಯಾಯಿತು. 27 ಗುಂಟೆಯ ಹಣ ಸಣ್ಣಜ್ಜಿಗೆ ಬಂತು.

ಅಜ್ಜನ ಕಡೆಯಿಂದಲೂ ನೋಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. 151 ಟಿಎಂಸಿ ನೀರು ನಿಲ್ಲುವ ಜಲಾಶಯ ಅವರ ಊರು, ತೋಟ, ಬೆಟ್ಟ, ದೇವಸ್ಥಾನ ಎಲ್ಲವನ್ನೂ ನುಂಗುತ್ತಿತ್ತು. ಆರು ಮಕ್ಕಳನ್ನು ಕಟ್ಟಿಕೊಂಡು, ಶಿವಮೊಗ್ಗದ ಕಡೆ ಕಾಡು ಕಡಿದು ಕೊಟ್ಟ ಜಾಗದಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಅಡಿಕೆ ಸಸಿ ನೆಟ್ಟರೆ ಫಲ ಬರಲು ಐದಾರು ವರ್ಷ. ಕೈಯಲ್ಲಿದ್ದದ್ದು ಆ ಪರಿಹಾರ ಒಂದೇ. ಅಂಥ ಹೊತ್ತಿಗೆ ಅತ್ತಿಗೆ, ಅದೂ ಮಕ್ಕಳಿಲ್ಲದ ಅತ್ತಿಗೆ, ತನ್ನ ಪಾಲು ಬೇರೆ ಎಂದಾಗ ಅವರಿಗೆ ಹೇಗಾಗಿರಬೇಕು. ಅಂದು ಸಿಕ್ಕ ಜಾಗಗಳಿಗೆ ಹಕ್ಕುಪತ್ರವಿಲ್ಲದೆ ಎಷ್ಟೋ ಮುಳುಗಡೆ ಕುಟುಂಬಗಳು ಇಂದಿಗೂ ಕಚೇರಿ ಅಲೆಯುತ್ತಿವೆ. ಅಜ್ಜ ಕೆಟ್ಟವರಾಗಿರಲಿಲ್ಲ. ಆ ಹಣ ಸಣ್ಣಜ್ಜಿಯದು ಎಂಬುದೂ ಸುಳ್ಳಲ್ಲ.

ಹೊಳೆಯಾಚೆ

ಮನೆಯವರೆಲ್ಲ ಲಾರಿ ಹತ್ತಿದರು. ಸಣ್ಣಜ್ಜಿ ಹತ್ತಲಿಲ್ಲ. ಅವರ ತವರು ಕರೂರು ಹೋಬಳಿಯ ಎತ್ತರದ ಜಾಗದಲ್ಲಿತ್ತು, ಮುಳುಗಲಿಲ್ಲ. ಅಲ್ಲಿಗೆ ಹೋದರು, ತಮ್ಮನ ಮನೆಯಲ್ಲಿ ಉಳಿಯದೆ ಪಕ್ಕದಲ್ಲೇ ಸಣ್ಣ ಮನೆ ಕಟ್ಟಿಸಿ, ಪರಿಹಾರದ ಹಣದಲ್ಲಿ ಅರ್ಧ ಎಕರೆ ಜಾಗ ಕೊಂಡು ಮತ್ತೆ ಅಡಿಕೆ ಹಾಕಿದರು. ಐವತ್ತೇಳು ವರ್ಷದವರು ಆಗ.

ಉಳಿದ ಹಣ ಎಲ್ಲಿ ಹೋಯಿತೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಎಸ್ಸೆಸ್ಸೆಲ್ಸಿ ಮುಗಿಸಿದ್ದರು, ಮುಂದೆ ಓದಿಸಲು ಅಜ್ಜನ ಕೈಯಲ್ಲಿ ಕಾಸಿರಲಿಲ್ಲ, ಮದುವೆ ಮಾಡುವ ಮಾತು ನಡೆದಿತ್ತು. ಸಣ್ಣಜ್ಜಿ ಆಳಿನ ಕೈಯಲ್ಲಿ ಹೇಳಿ ಕಳಿಸಿದರಂತೆ, ಹುಡುಗಿಯನ್ನು ಇಲ್ಲಿಗೆ ಕಳಿಸಿ ಎಂದು. ಶಾಲಾ ಶಿಕ್ಷಕರ ಟಿ.ಸಿ.ಎಚ್. ತರಬೇತಿಯ ಎರಡು ವರ್ಷದ ಖರ್ಚು ಅವರೇ ಕೊಟ್ಟರು. ಅತ್ತೆಗೆ ಕೆಲಸ ಸಿಕ್ಕಿದ್ದೂ ಆ ಕಡೆಯ ಶಾಲೆಯಲ್ಲೇ. ಸಣ್ಣಜ್ಜಿಯ ಕೊನೆಯ ಹತ್ತು ವರ್ಷ ಇಬ್ಬರೂ ಒಂದೇ ಮನೆಯಲ್ಲಿದ್ದರು.

"ಜಗಳಗಂಟಿ ಹೇಳ್ತವಲ್ಲ, ಅದಕ್ಕೆ ಲೆಕ್ಕ ಗೊತ್ತಿತ್ತು, ಅಷ್ಟೇಯ" ಎಂದರು ಅತ್ತೆ. ನಮ್ಮ ಹವ್ಯಕ ಮಾತಿನಲ್ಲಿ ಹೆಂಗಸರಿಗೆ 'ಅದು' ಎನ್ನುವುದು ರೂಢಿ. ಅತ್ತೆಯ ಬಾಯಲ್ಲಿ ಅದು ಎಷ್ಟು ಅಕ್ಕರೆಯಿಂದ ಬಂತೆಂದರೆ ಬರಹಕ್ಕೆ ಇಳಿಸಲು ನನ್ನಿಂದಾಗದು.

ಹೆಸರಿನ ಗೊಂದಲವೂ ಅಲ್ಲೇ ಬಿಡಿಸಿಕೊಂಡಿತು. ಅಷ್ಟು ದಿನ ನನ್ನ ಬಳಿ ಎರಡು ಹೆಸರಿದ್ದವು. ಜಾತಕದಲ್ಲಿ ಒಂದು ನದಿಯ ಹೆಸರು, ಪಾಲುಪಟ್ಟಿಯಲ್ಲಿ ಒಬ್ಬ ದೇವಿಯ ಹೆಸರು. ಮದುವೆಯಲ್ಲಿ ಹೆಸರು ಬದಲಿಸುವುದು ಆಗಿನ ಪದ್ಧತಿ. ಎರಡೂ ಒಬ್ಬರದೇ ಎನ್ನಲು ಗಟ್ಟಿ ಆಧಾರ ಬೇಕಿತ್ತು. ಅತ್ತೆಯ ಬಚ್ಚಲಿನಲ್ಲಿ ಒಂದು ತಾಮ್ರದ ಕೊಡಪಾನವಿದೆ, ಮದುವೆಗೆ ತವರಿನಿಂದ ಬಂದದ್ದು. ಹುಣಸೆಹಣ್ಣು ಹಾಕಿ ತಿಕ್ಕಿದಾಗ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಹೊಡೆಸಿದ ಅಕ್ಷರ ಕಾಣಿಸಿತು, ನದಿಯ ಹೆಸರು. ಅದರ ಪಕ್ಕದಲ್ಲೇ ಬೇರೆ ಕೈಯಲ್ಲಿ, ಹೊಸದಾಗಿ, ದೇವಿಯ ಹೆಸರು. ಗಂಡನ ಮನೆಯಲ್ಲಿ ಹಳೆಯ ಹೆಸರನ್ನು ಅಳಿಸದೆ ಹೊಸದನ್ನೂ ಹೊಡೆಸಿದ್ದರು. 1951-52ರ ಮೊದಲ ಮಹಾಚುನಾವಣೆಯಲ್ಲಿ ತಮ್ಮ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದಕ್ಕೆ ಸುಮಾರು 28 ಲಕ್ಷ ಹೆಂಗಸರು ಮತದಾರರ ಪಟ್ಟಿಯಿಂದ ಬಿಟ್ಟುಹೋದರು ಎಂದು ಓದಿದ್ದೆ, ಹೆಚ್ಚಿನವರು ಉತ್ತರದ ಕಡೆಯವರು. ನಮ್ಮ ಮನೆಯ ಒಬ್ಬರಿಗೆ ಒಂದಲ್ಲ ಎರಡು ಹೆಸರಿದ್ದೂ ಪುಸ್ತಕದಲ್ಲಿ ಅರವತ್ತು ವರ್ಷ ಇಲ್ಲವಾಯಿತು.

ಬರೆದ ಮೇಲೆ

ಇಷ್ಟನ್ನೂ ಇಪ್ಪತ್ತು ಪುಟದಲ್ಲಿ ಬರೆದು ಮನೆಯವರಿಗೆ ಕೊಟ್ಟೆ. ಒಬ್ಬ ಚಿಕ್ಕಪ್ಪ ನನ್ನ ಜೊತೆ ಮಾತು ಬಿಟ್ಟರು. ಅಪ್ಪಯ್ಯನ ಮರ್ಯಾದೆ ತೆಗೆದೆ ಎಂಬುದು ಅವರ ನೋವು. ಅಣ್ಣ ಮಾತ್ರ ಅಂದೇ ರಾತ್ರಿ ಫೋನು ಮಾಡಿ, ತನ್ನ ಬಳಿ ಉಳಿದಿದ್ದ ಪ್ರತಿಗಳಲ್ಲಿ 1918ನ್ನು ತಾನೇ ಕೈಯಿಂದ ತಿದ್ದುವುದಾಗಿ ಹೇಳಿದ. ತಿದ್ದಿದ್ದಾನೆ.

ಚಿಕ್ಕಪ್ಪನ ಮಾತು ನನ್ನನ್ನು ಬಿಡಲಿಲ್ಲ. ಬಾಲ್ ಪೆನ್ನಿನ ಆ ಸಾಲನ್ನು ಬರೆದವರು ಯಾರು ಎಂದು ನಾನು ಅಲ್ಲಿಯವರೆಗೆ ಕೇಳಿಕೊಂಡೇ ಇರಲಿಲ್ಲ. ಇಸವಿ ಸಿಕ್ಕಿತಲ್ಲ ಎಂಬ ಸಂಭ್ರಮದಲ್ಲಿ ಮುಂದೆ ಓಡಿದ್ದೆ. ಮತ್ತೆ ಪುಸ್ತಕ ತೆಗೆದೆ. ಪಕ್ಕದಲ್ಲಿ ಎಪ್ಪತ್ತರ ದಶಕದ ಅಡಿಕೆ ಮಂಡಿಯ ಲೆಕ್ಕದ ಚೀಟಿಗಳನ್ನು ಇಟ್ಟೆ. ಅಜ್ಜ ಪ್ರತಿ ಸಾಲು ಮುಗಿದ ಮೇಲೂ ಎರಡು ನಿಂತ ಗೆರೆ ಎಳೆಯುತ್ತಿದ್ದರು, ಎರಡನೆಯದು ಮೊದಲನೆಯದಕ್ಕಿಂತ ಉದ್ದ, ಕೆಳಗೆ ಬಲಕ್ಕೆ ತಿರುಗಿದ್ದು. 'ಪುಷ್ಯ ಶುದ್ಧ ದಶಮಿ'ಯ ಮುಂದೆ ಅದೇ ಎರಡು ಗೆರೆ.

ಚೀಟಿಯ ಫೋಟೋ, ಪಟ್ಟಿಯ ಫೋಟೋ ಎರಡನ್ನೂ ಮೊಬೈಲಿನಲ್ಲಿ ಹಾಕಿಕೊಂಡು ಸೇತುವೆ ದಾಟಿ ಅತ್ತೆಯ ಮನೆಗೆ ಹೋದೆ. ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

"ಅಪ್ಪಯ್ಯ ಬಂದಿದ್ದ" ಎಂದರು. ಸುದ್ದಿ ಮುಟ್ಟಿ, ಬಸ್ಸು ಹಿಡಿದು, ನೀರು ದಾಟಿ ಬರುವಷ್ಟರಲ್ಲಿ ಸಂಸ್ಕಾರ ಮುಗಿದಿತ್ತು. ಹನ್ನೆರಡನೇ ದಿನದವರೆಗೂ ಉಳಿದರು. ಕ್ರಿಯೆಗೆ ಕೂತದ್ದು ಅವರೇ, ಮೈದುನ. ಹೊರಡುವ ದಿನ ಬೆಳಿಗ್ಗೆ ಸಣ್ಣಜ್ಜಿಯ ತೋಟಕ್ಕೆ ಒಬ್ಬರೇ ಹೋಗಿ ಬಂದು, ಜಗುಲಿಯ ಮೇಲೆ ಕೂತು ಮಗಳನ್ನು ಕೇಳಿದರಂತೆ, ಒಟ್ಟು ಎಷ್ಟು ಮರ ಎಂದು.

ಅತ್ತೆ ಎಣಿಸಿ ಗೊತ್ತಿದ್ದವರು. ಹೇಳಿದರು.